ನಮ್ಮ ಅಮಾಸಿ ಟೀಮಿಗೆ ಬರೆದ ಭಾನುವಾರದ ಚರಿತ್ರೆ

ನಾರಾಯಣಪೇಟೆ ಜಿಲ್ಲೆಯಾದ ವರ್ಷ ನಡೆದದ್ದು ಇದು. ತೆಲಂಗಾಣ ಬೇರೆ ರಾಜ್ಯವಾಗಿ ಆಗಲೇ ಐದು ವರ್ಷ ದಾಟಿತ್ತು. ಗದ್ವಾಲ ನಮಗಿಂತ ಮೊದಲೇ ಜಿಲ್ಲೆಯಾಗಿದ್ದರಿಂದ ಅಲ್ಲಿಯ ನೆಂಟರು ಸಿಕ್ಕಾಗಲೆಲ್ಲ ನಮ್ಮನ್ನು ಚುಡಾಯಿಸುತ್ತಿದ್ದರು. ನಮ್ಮದೂ ಆದಾಗ ಓಣಿಯಲ್ಲಿ ಪೇಡೆ ಹಂಚಿದೆವು. ಅದೇ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ನಾನು ಊರಿನ ಜನರೆಲ್ಲರ ಎದುರಿಗೆ ಎದ್ದು ನಿಂತು ಜಗಳ ತೆಗೆದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಅವತ್ತಿನ ಸಿಟ್ಟು ಸುಮ್ಮಸುಮ್ಮನೆ ಬಂದದ್ದಲ್ಲ.

ನನ್ನ ತವರು ಮಕ್ತಲ್. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಮದುವೆಯಾಗಿ ನಾರಾಯಣಪೇಟೆಯ ನೇಕಾರರ ಓಣಿಗೆ ಬಂದೆ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ನಮ್ಮ ಮನೆಯವರು, ಇನ್ನೊಂದರಲ್ಲಿ ಮಾವ ಕೂಡುತ್ತಿದ್ದರು. ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. ಮಾವನ ಹೆಸರು ವೀರಭದ್ರಪ್ಪ. ನಾನು ಹೇಳುವ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು, ಮಗ್ಗ ಬಿಟ್ಟು ಎರಡು ವರ್ಷವಾಗಿತ್ತು. ಮಾತು ಕಡಿಮೆ. ಆದರೆ ಫುಟ್‌ಬಾಲ್ ಎಂದರೆ ಸಾಕು, ಊಟದ ತಾಟು ಮುಂದಿಟ್ಟುಕೊಂಡು ಅನ್ನ ಆರುವವರೆಗೂ ಮಾತಾಡುತ್ತಿದ್ದರು.

ಮಾವ ಹರೆಯದಲ್ಲಿ ಒಂದು ವರ್ಷ ಹೈದರಾಬಾದಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರಂತೆ. ಅಲ್ಲಿ ಸಂಜೆಯಾದರೆ ಬರಿಗಾಲಲ್ಲಿ ಫುಟ್‌ಬಾಲ್ ಆಡುವವರನ್ನು ನೋಡಿ, ತಾವೂ ಆಡಿ, ವಾಪಸ್ ಬರುವಾಗ ಒಂದು ತೊಗಲಿನ ಚೆಂಡು ತಂದರು. ಊರಿಗೆ ಬಂದು ನೋಡಿದರೆ ಆಡುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ನೇಕಾರರಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಮಗ್ಗ ನಿಲ್ಲುವುದು ಅಮಾವಾಸ್ಯೆಯ ದಿನ ಮಾತ್ರ. ಅವತ್ತು ಮಗ್ಗಕ್ಕೆ ಪೂಜೆ ಮಾಡಿ ಕೈ ಮುಗಿದರೆ ಆಯಿತು, ಮರುದಿನದವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ. ಹಾಗಾಗಿ ತಿಂಗಳಿಗೊಂದು ದಿನ, ಅಮಾವಾಸ್ಯೆಯ ದಿನ, ಊರ ಹೊರಗಿನ ಬಯಲಲ್ಲಿ ಇವರ ಆಟ. ಜನ ಅದಕ್ಕೆ ‘ಅಮಾಸಿ ಟೀಮು’ ಎಂದು ಹೆಸರಿಟ್ಟರು.

ಮೊದಮೊದಲು ನೋಡಿದವರೆಲ್ಲ ನಕ್ಕರಂತೆ. ದಿನವಿಡೀ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವವರು ಏನು ಓಡಿಯಾರು ಎಂದು. ಆದರೆ ನಮ್ಮದು ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ. ಕಾಲಡಿಯ ಮಣೆಗಳನ್ನು ಎಡಗಾಲಲ್ಲೊಮ್ಮೆ ಬಲಗಾಲಲ್ಲೊಮ್ಮೆ ಬೆಳಗಿನಿಂದ ಸಂಜೆಯವರೆಗೆ ತುಳಿದವರಿಗೆ ಎರಡೂ ಕಾಲು ಒಂದೇ ಹದಕ್ಕೆ ಬಂದಿರುತ್ತವೆ. ಧನ್ವಾಡದವರು, ಮರಿಕಲ್ಲಿನವರು ಗಟ್ಟಿ ಮೈಯ ರೈತರು, ನಮ್ಮವರನ್ನು ಗುದ್ದಿ ಬೀಳಿಸುತ್ತಿದ್ದರು. ಆದರೂ ಇವರು ಯಾವ ಕಾಲಿಂದ ಒದೆಯುತ್ತಾರೆ ಎನ್ನುವುದು ಅವರಿಗೆ ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲವಂತೆ. ಇದನ್ನು ಹೇಳುವಾಗ ಮಾವ ಕೂತಲ್ಲೇ ಎರಡೂ ಕಾಲು ಆಡಿಸಿ ತೋರಿಸುತ್ತಿದ್ದರು.

ದೊಡ್ಡ ಪೈಪೋಟಿ ಗದ್ವಾಲದವರ ಜೊತೆ. ಅವರೂ ನೇಕಾರರು, ಅವರಿಗೂ ಅಮಾವಾಸ್ಯೆಯೇ ರಜೆ. ಆಗಿನ್ನೂ ಹೊಳೆಗೆ ಸೇತುವೆ ಇರಲಿಲ್ಲ. ಮಕ್ತಲಿನವರೆಗೆ ಬಸ್ಸು, ಮುಂದೆ ನಡಿಗೆ, ಕೃಷ್ಣೆಯನ್ನು ಹರಗೋಲಿನಲ್ಲಿ ದಾಟಬೇಕು. ಒಂದು ಸಲ ಆಟ ಮುಗಿಯುವಷ್ಟರಲ್ಲಿ ಹೊಳೆ ತುಂಬಿ ಬಂದು ನಮ್ಮವರು ಎರಡು ದಿನ ಗದ್ವಾಲದಲ್ಲೇ ಸಿಕ್ಕಿಬಿದ್ದರು. ತಮ್ಮನ್ನು ಸೋಲಿಸಿದವರ ಮನೆಯಲ್ಲೇ ಉಂಡು, ಅವರ ಮಗ್ಗದಲ್ಲೇ ಕೂತು ಕೆಲಸಕ್ಕೆ ಕೈಜೋಡಿಸಿ ಬಂದರು.

ವಾಪಸ್ ಬಂದ ಮೇಲೆ ಏನಾಯಿತು ಎಂಬುದನ್ನು ನೆನಪಿಡಬೇಕು. ಆ ಕಾಲದಲ್ಲಿ ನಮ್ಮ ಓಣಿಗೆಲ್ಲ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದವರು ಒಬ್ಬರೇ ದೊಡ್ಡ ಸಾಹುಕಾರರು. ಎರಡು ದಿನ ಮಗ್ಗ ನಿಂತದ್ದಕ್ಕೆ ಅವರು ಆಡಲು ಹೋದ ಹನ್ನೊಂದು ಜನರ ಮನೆಗೆ ಒಂದು ತಿಂಗಳು ನೂಲು ಬಂದ್ ಮಾಡಿದರು. ಚೆಂಡನ್ನು ತರಿಸಿ, ತಮ್ಮ ಅಂಗಡಿಯ ಕಟ್ಟೆಯ ಮೇಲೆ ಎಲ್ಲರೂ ನೋಡುವಂತೆ ಕತ್ತರಿಯಿಂದ ಸೀಳಿಸಿದರು. ಸುದ್ದಿ ಕೇಳಿದ ಗದ್ವಾಲದವರು ತಮ್ಮ ಪಾಲಿನ ನೂಲಿನಲ್ಲೇ ಸ್ವಲ್ಪ ಸ್ವಲ್ಪ ತೆಗೆದು ಗಂಟು ಕಟ್ಟಿ ಕಳಿಸಿದರಂತೆ. ಆ ತಿಂಗಳು ಹನ್ನೊಂದು ಮನೆಯ ಒಲೆ ಉರಿದದ್ದು ಅದರಿಂದ. ಮುಂದಿನ ಅಮಾವಾಸ್ಯೆಗೆ ಚಿಂದಿ ಸುತ್ತಿದ ಚೆಂಡಿನಲ್ಲೇ ಆಡಿದರು, ಆದರೆ ಆಟ ಬಿಡಲಿಲ್ಲ.

ಮಾವ ಇದನ್ನೆಲ್ಲ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅವರಿಗೆ ಗೊತ್ತಿದ್ದದ್ದು ಪಂಚಾಂಗದ ಲೆಕ್ಕ. ‘ಸಾಧಾರಣ ಸಂವತ್ಸರ, ಮಾರ್ಗಶಿರ ಅಮಾಸಿ, ಧನ್ವಾಡದವರ ಮ್ಯಾಲೆ ಎರಡು–ಒಂದು’ ಎಂದು ಬರೆದು, ಕೆಳಗೆ ಅವತ್ತು ಆಡಿದ ಹನ್ನೊಂದು ಜನರ ಹೆಸರು. ಪ್ರತಿ ಆಟಕ್ಕೂ ಹನ್ನೊಂದು ಹೆಸರು ತಪ್ಪದೆ ಬರೆದಿದ್ದರು. ಇಸವಿ, ತಾರೀಖು ಎಲ್ಲಿಯೂ ಇಲ್ಲ.

ಜಿಲ್ಲೆಯಾದ ವರ್ಷ ಆ ದೊಡ್ಡ ಸಾಹುಕಾರರ ಮಗ ಹೈದರಾಬಾದಿನಿಂದ ಊರಿಗೆ ಬಂದರು. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಓಣಿಯವರು ಇವರನ್ನು ಚಿಕ್ಕ ಸಾಹುಕಾರರು ಎನ್ನುತ್ತಿದ್ದರು. ಆಗಲೂ ನಮ್ಮ ಓಣಿಯ ಅರ್ಧ ಮಗ್ಗಗಳಿಗೆ ನೂಲು ಅವರ ಅಂಗಡಿಯದೇ, ನಮ್ಮವಕ್ಕೂ ಸೇರಿ. ಹೊಸ ಜಿಲ್ಲೆಗೊಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ ಕಟ್ಟುತ್ತೇನೆ, ಸಂಬಳ ಕೊಟ್ಟು ಆಟಗಾರರನ್ನು ತರುತ್ತೇನೆ, ರಾಜ್ಯದ ಲೀಗಿನಲ್ಲಿ ಆಡಿಸುತ್ತೇನೆ ಎಂದು ಅವರು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಖುಷಿಯಾದದ್ದು ಮಾವನಿಗೆ. ‘‘ಅವರಪ್ಪ ಚೆಂಡು ಹರದ. ಮಗ ಚೆಂಡು ಕೊಡಾಕತ್ಯಾನ. ಒಳ್ಳೇದಾತು ಬಿಡವ್ವ’’ ಎಂದರು.

ಸ್ವಲ್ಪ ದಿನಕ್ಕೆ ಕ್ಲಬ್ಬಿನ ಚರಿತ್ರೆ ಬರೆಯಲು ಹೈದರಾಬಾದಿನಿಂದ ಒಬ್ಬ ಬರಹಗಾರರು ಬಂದರು. ನಲವತ್ತರ ಆಸುಪಾಸಿನವರು, ಮೆದು ಮಾತಿನವರು, ತೆಲುಗಿನಲ್ಲೇ ಮಾತಾಡಿದರು. ಹಳೆಯ ತಂಡದ ಮೇಲೆ ಹೊಸ ಕ್ಲಬ್ಬು ನಿಂತಿದೆ ಎಂದು ತೋರಿಸಬೇಕು, ನಿಮ್ಮ ನೋಟ್‌ಬುಕ್ ಬೇಕು ಎಂದರು. ಮಾವ ಕೈ ತೊಳೆದು ಬಂದು, ಪೆಟ್ಟಿಗೆಯಿಂದ ನೋಟ್‌ಬುಕ್ ತೆಗೆದು ಕೊಟ್ಟರು. ಬರಹಗಾರರು ನಾಲ್ಕು ಹಾಳೆ ತಿರುವಿದರು. ಕನ್ನಡ ಅವರಿಗೆ ಬರುತ್ತಿರಲಿಲ್ಲ, ನಾನು ಓದಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ‘‘ತಾರೀಖು ಇಲ್ಲದಿದ್ದರೆ ಇದು ಸಬೂತು ಆಗುವುದಿಲ್ಲಮ್ಮ. ಸಂವತ್ಸರ, ಅಮಾವಾಸ್ಯೆ ಎಂದರೆ ಯಾರು ನಂಬುತ್ತಾರೆ?’’ ಎಂದರು.

ಮಾವನ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ಒಂದು ತಿಂಗಳು ಟೈಮು ಕೊಡಿ, ತಾರೀಖು ನಾನು ಹುಡುಕಿ ಕೊಡುತ್ತೇನೆ ಎಂದೆ. ನಮ್ಮ ಮಠದ ಅಯ್ಯನವರ ಹತ್ತಿರ ಹಳೆಯ ಪಂಚಾಂಗಗಳು ಟ್ರಂಕು ತುಂಬ ಇದ್ದವು. ಕೆಲವನ್ನು ಗೆದ್ದಲು ತಿಂದಿತ್ತು. ಮಧ್ಯಾಹ್ನ ಕಂಡಿಕೆ ಸುತ್ತುವುದು ಮುಗಿಸಿ ಮಠಕ್ಕೆ ಹೋಗಿ ಕೂಡುತ್ತಿದ್ದೆ. ಸಂವತ್ಸರದ ಹೆಸರು ನೋಡಿ ವರ್ಷ ಹಿಡಿಯುವುದು, ಮಾಸ ನೋಡಿ ಅಮಾವಾಸ್ಯೆಯ ತಾರೀಖು ಹಿಡಿಯುವುದು. ಅಧಿಕ ಮಾಸ ಬಂದ ವರ್ಷ ಎರಡೆರಡು ಸಲ ತಪ್ಪಿ ಮತ್ತೆ ಮೊದಲಿಂದ. ಅಯ್ಯನವರು ನಕ್ಕು, ‘‘ಏನವ್ವ, ಯಾರ ಜಾತಕ ಬರಿಯಾಕತ್ತೀ?’’ ಎನ್ನುತ್ತಿದ್ದರು. ನೂರಕ್ಕೂ ಹೆಚ್ಚು ಆಟಗಳಿಗೆ ತಾರೀಖು ಹಚ್ಚಿ, ತೆಲುಗಿನಲ್ಲಿ ಚಂದಗೆ ಬರೆದು ಕೊಟ್ಟೆ. ಬರಹಗಾರರು ಅದನ್ನೂ ತೆಗೆದುಕೊಂಡರು, ನೋಟ್‌ಬುಕ್ಕನ್ನೂ ತೆಗೆದುಕೊಂಡರು. ಪುಸ್ತಕ ಬಿಡುಗಡೆಯ ದಿನ ವಾಪಸ್ ಕೊಡುತ್ತೇನೆ ಎಂದರು.

ಇಲ್ಲಿ ನನ್ನದೊಂದು ತಪ್ಪಿದೆ. ಅವರು ಕೇಳಿದ್ದು ತಾರೀಖು ಎಂದು ನಾನು ತಾರೀಖು, ಎದುರಾಳಿ, ಗೋಲು ಇಷ್ಟನ್ನೇ ಬರೆದುಕೊಂಡೆ. ಕೆಳಗಿದ್ದ ಹೆಸರುಗಳನ್ನು ಬರೆದುಕೊಳ್ಳಲಿಲ್ಲ. ನೋಟ್‌ಬುಕ್ಕಿನಲ್ಲಿ ಇವೆಯಲ್ಲ ಎಂದುಕೊಂಡೆ.

ಬಿಡುಗಡೆ ಮೈದಾನದಲ್ಲೇ ಇತ್ತು. ಬೆಳಿಗ್ಗೆ ಪುಸ್ತಕ, ಸಂಜೆ ಹೊಸ ಕ್ಲಬ್ಬಿನ ಮೊದಲ ಆಟ. ಮಾವ ನಸುಕಿಗೇ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತುಬಿಟ್ಟಿದ್ದರು. ಅವರ ಜೊತೆ ಖಾಜಾಸಾಬರೂ ಬಂದರು. ಇವರು ಅಮಾಸಿ ಟೀಮಿನ ಗೋಲು ಕಾಯುತ್ತಿದ್ದವರು. ನೂಲಿಗೆ ಬಣ್ಣ ಹಾಕುವ ಕಸುಬಿನವರು, ಬೆರಳಿನ ಸಂದಿಯ ಬಣ್ಣ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವರು ಹಿಡಿದ ಚೆಂಡಿಗೂ ಕೆಂಪು ಬಣ್ಣ ಮೆತ್ತುತ್ತಿತ್ತಂತೆ. ಮೊದಲ ಹನ್ನೊಂದು ಜನರಲ್ಲಿ ಉಳಿದವರು ಇವರಿಬ್ಬರೇ.

ಗೇಟಿನಲ್ಲಿ ಪಾಸು ಕೇಳಿದರು. ನಮಗೆ ಯಾರೂ ಪಾಸು ಕೊಟ್ಟಿರಲಿಲ್ಲ. ಟೀಮು ಕಟ್ಟಿದವರೇ ಇವರು ಎಂದು ನಾನು ಹೇಳಿದರೆ, ಗೇಟಿನವನು ಪಟ್ಟಿ ನೋಡಿ, ಹೆಸರಿಲ್ಲ ಎಂದ. ಕೊನೆಗೆ ಓಣಿಯವರೊಬ್ಬರು ಸ್ವಯಂಸೇವಕರ ಪೈಕಿ ಇದ್ದು ಒಳಗೆ ಬಿಟ್ಟರು. ಕುರ್ಚಿ ಸಿಕ್ಕದ್ದು ಕಡೆಯ ಸಾಲಿನಲ್ಲಿ. ಮಾವ ಬೇಸರಪಟ್ಟುಕೊಳ್ಳಲಿಲ್ಲ. ‘‘ಹಿಂದ ಕುಂತ್ರ ಮೈದಾನ ಪೂರಾ ಕಾಣ್ತೈತಿ’’ ಎಂದು ಖಾಜಾಸಾಬರಿಗೆ ಹೇಳಿದರು.

ಕಾರ್ಯಕ್ರಮ ಶುರುವಾಗುವ ಮೊದಲು ವೇದಿಕೆಯ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ ಇಟ್ಟಿದ್ದು ನೋಡಿದೆ. ಒಳಗೆ ತೆರೆದಿಟ್ಟ ಮಾವನ ನೋಟ್‌ಬುಕ್ಕು! ಖುಷಿಯಿಂದ ಹತ್ತಿರ ಹೋದೆ. ಕೆಳಗೆ ತೆಲುಗಿನಲ್ಲಿ ಚೀಟಿ ಅಂಟಿಸಿದ್ದರು: ‘ಸಂಸ್ಥಾಪಕರ ಸ್ವಹಸ್ತಾಕ್ಷರ’. ಅದರ ಕೆಳಗೆ ದೊಡ್ಡ ಸಾಹುಕಾರರ ಹೆಸರು. ಎರಡು ಸಲ ಓದಿದೆ, ಮೂರು ಸಲ ಓದಿದೆ. ಮೈಯೆಲ್ಲ ಉರಿಯಿತು. ನಮ್ಮ ಮಾವನ ಅಕ್ಷರ ನನಗೆ ಗೊತ್ತಿಲ್ಲವೆ? ‘ಳ’ ಬರೆಯುವಾಗ ಕೊಕ್ಕೆ ಎಳೆದು ಬಿಡುವುದು ಅವರೊಬ್ಬರೇ. ಚೆಂಡು ಸೀಳಿಸಿದ ಮನುಷ್ಯನ ಕೈಬರಹ ಅದು ಎಂದು ಬರೆದು ಗಾಜಿನೊಳಗೆ ಇಟ್ಟಿದ್ದರಲ್ಲ!

ಅಷ್ಟರಲ್ಲಿ ಪುಸ್ತಕ ಹಂಚುತ್ತ ಬಂದರು. ನನಗೂ ಒಂದು ಸಿಕ್ಕಿತು. ನುಣುಪು ಹಾಳೆ, ಬಣ್ಣದ ಚಿತ್ರ. ನಾನು ಮಠದಲ್ಲಿ ಕೂತು ಹುಡುಕಿದ ತಾರೀಖುಗಳೆಲ್ಲ ಒಂದೂ ಬಿಡದೆ ಇದ್ದವು. ಗೋಲುಗಳಿದ್ದವು, ಹರಗೋಲಿನ ಕಥೆಯೂ ಇತ್ತು. ಆದರೆ ಹರಗೋಲು ಗೊತ್ತು ಮಾಡಿಕೊಟ್ಟವರು ದೊಡ್ಡ ಸಾಹುಕಾರರು! ಚೆಂಡು ತರಿಸಿಕೊಟ್ಟವರು ದೊಡ್ಡ ಸಾಹುಕಾರರು! ಬಡ ನೇಕಾರರ ಆರೋಗ್ಯದ ಚಿಂತೆಯಿಂದ ಅವರು ತಂಡ ಕಟ್ಟಿದರಂತೆ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿತ್ತು, ‘ಒಂದು ಭಾನುವಾರದ ಸಂಜೆ, ಕೆಲಸಕ್ಕೆ ರಜೆಯಿದ್ದ ನೇಕಾರರನ್ನೆಲ್ಲ ಕರೆದು, ಸಾಹುಕಾರರು ತಾವೇ ಮೊದಲು ಚೆಂಡು ಒದ್ದು ಆಟ ಆರಂಭಿಸಿದರು’ ಎಂದು. ವೀರಭದ್ರಪ್ಪ ಎಂಬ ಹೆಸರು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ವೇದಿಕೆಯ ಮೇಲೆ ಚಿಕ್ಕ ಸಾಹುಕಾರರು ಭಾಷಣಕ್ಕೆ ನಿಂತರು. ‘‘ಇಷ್ಟು ವರ್ಷ ನಮ್ಮ ಚರಿತ್ರೆಯನ್ನು ಯಾರೋ ಬರೆದರು, ನಮ್ಮವರ ಹೆಸರು ಅಳಿಸಿದರು. ಈಗ ನಮ್ಮ ರಾಜ್ಯ ಬಂತು, ನಮ್ಮ ಜಿಲ್ಲೆ ಬಂತು. ನಮ್ಮ ಚರಿತ್ರೆ ನಾವೇ ಬರೆದುಕೊಳ್ಳುತ್ತೇವೆ’’ ಎಂದು ತೆಲುಗಿನಲ್ಲಿ ಹೇಳಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಬೇರೆ ದಿನವಾದರೆ ನಾನೂ ತಟ್ಟುತ್ತಿದ್ದೆ. ಬೇರೆ ರಾಜ್ಯದ ಚಳವಳಿಯಲ್ಲಿ ನಾನೂ ರಸ್ತೆಯ ಮೇಲೆ ಕೂತು ಅಡುಗೆ ಮಾಡಿ ಬಡಿಸಿದವಳೇ. ಅದೇ ಮಾತನ್ನು ಇಂಥ ಕೆಲಸಕ್ಕೆ ಬಳಸಿದ್ದು ನೋಡಿ ನನಗೆ ಕೂಡಲಾಗಲಿಲ್ಲ.

ನಾನು ಎದ್ದು ನಿಂತೆ. ನಮ್ಮ ಮನೆಯವರು ಸೆರಗು ಹಿಡಿದು ಜಗ್ಗಿದರು. ‘‘ಸುಮ್ಮ ಕೂಡು. ನಾಳೆ ನೂಲು ಬಂದ್ ಮಾಡ್ತಾರ’’ ಎಂದರು. ನಾನು ಸೆರಗು ಬಿಡಿಸಿಕೊಂಡು ಮುಂದೆ ನಡೆದೆ. ವೇದಿಕೆಯ ಕೆಳಗಿದ್ದವನೊಬ್ಬ, ‘‘ಕೂರ್ಚೋಮ್ಮಾ, ಕೂರ್ಚೋ’’ ಎಂದು ತೆಲುಗಿನಲ್ಲಿ ಗದರಿದ. ಕೂಡಲಿಲ್ಲ. ಮೈಕು ಬೇಕಾಗಲಿಲ್ಲ, ನನ್ನ ಗಂಟಲೇ ಸಾಕಾಗಿತ್ತು. ಚಿಕ್ಕ ಸಾಹುಕಾರರೂ ಇದೇ ಊರಲ್ಲಿ ಬೆಳೆದವರು, ಹಾಗಾಗಿ ಕನ್ನಡದಲ್ಲೇ ಕೇಳಿದೆ.

‘‘ಸಾವ್ಕಾರ್ರ, ಒಂದು ಮಾತು ಕೇಳ್ತೀನ್ರಿ. ಮೊದಲನೇ ಆಟ ಐತ್ವಾರ ಆತು ಅಂತ ಬರಸೀರಿ. ಆವತ್ತು ಯಾರ ಮನ್ಯಾಗ ಮಗ್ಗ ಬಂದ್ ಇತ್ತು, ಒಂದು ಮನಿ ಹೆಸರು ಹೇಳ್ರಿ.’’

ಅತಿಥಿಗಳಿಗೆ ಏನೂ ಅರ್ಥವಾಗಲಿಲ್ಲ. ಹಿಂದೆ ಕೂತಿದ್ದ ಓಣಿಯ ಜನಕ್ಕೆ ಅರ್ಥವಾಯಿತು. ಮೊದಲು ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಮ್ಮ ಎದುರು ಮನೆಯ ಮುದುಕಿ ನರಸವ್ವ ಕೂತಲ್ಲಿಂದಲೇ ಕೂಗಿದಳು: ‘‘ಹಡದು ಮೂರು ದಿನಕ್ಕ ನನ್ನ ಕಂಡಕಿ ಸುತ್ತಾಕ ಕುಂದರಿಸಿದ್ದ ಇವರಪ್ಪ. ಐತ್ವಾರ ಗಂಡಸರನ್ನ ಚೆಂಡಾಡಾಕ ಕಳಸಿದ್ನಂತ, ಚೆಂಡಾಡಾಕ!’’ ಕಡೆಯ ಸಾಲುಗಳೆಲ್ಲ ಗೊಳ್ಳೆಂದು ನಕ್ಕವು. ಹೈದರಾಬಾದಿನ ಬರಹಗಾರರು ತಲೆ ತಗ್ಗಿಸಿ ಕೂತಿದ್ದರು. ಭಾನುವಾರ ಎಲ್ಲರಿಗೂ ರಜೆ ಎಂದು ಅವರು ಅಂದುಕೊಂಡಿದ್ದರು ಅಷ್ಟೇ. ಸುಳ್ಳು ಬರೆಯುವವರು ನಮ್ಮನ್ನು ಅಷ್ಟಾದರೂ ಕೇಳಿ ಬರೆಯಬಾರದೆ?

‘‘ಆ ಪೆಟ್ಟಿಗ್ಯಾಗಿನ ನೋಟ್‌ಬುಕ್ಕು ನಮ್ಮ ಮಾವಂದು. ಟೀಮು ಕಟ್ಟಿದವರು ಅಲ್ಲಿ ಹಿಂದ ಕುಂತಾರ. ಪಾಸು ಇಲ್ಲಂತ ಗೇಟಿನ್ಯಾಗ ನಿಲ್ಲಿಸಿದ್ರಿ’’ ಎಂದೆ. ಅಳು ಬರುವಂತಾಗಿತ್ತು, ಆದರೆ ಅಳಲಿಲ್ಲ.

ಚಿಕ್ಕ ಸಾಹುಕಾರರು ಜಾಣರು. ಮುಖದ ಮೇಲಿನ ನಗು ಒಂದಿಷ್ಟೂ ಕದಲಲಿಲ್ಲ. ‘‘ನಮ್ಮ ಹಿರಿಯರವ್ವ ಅವರು. ಮರತಿದ್ದು ತಪ್ಪಾತು. ಕರೀರಿ ಅವರನ್ನ, ವೇದಿಕೆಗೆ ಕರೀರಿ’’ ಎಂದರು. ಇಬ್ಬರು ಬಂದು ಮಾವನನ್ನು ಕೈಹಿಡಿದು ಕರೆದೊಯ್ದರು. ಹೆಗಲಿಗೆ ಒಂದು ಜರಿ ಅಂಚಿನ ಶಾಲು ಹೊದಿಸಿದರು. ಫೋಟೋದವರು ಓಡಿಬಂದರು. ಮಾವ ಎರಡೂ ಕೈ ಜೋಡಿಸಿ, ಸಾಹುಕಾರರಿಗೇ ನಮಸ್ಕಾರ ಮಾಡಿದರು. ಖಾಜಾಸಾಬರು ಹಿಂದಿನ ಸಾಲಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಎರಡನೆಯ ಮುದ್ರಣದಲ್ಲಿ ಸರಿ ಮಾಡಿಸುತ್ತೇವೆ ಎಂದು ಮೈಕಿನಲ್ಲಿ ಹೇಳಿ ಕಾರ್ಯಕ್ರಮ ಮುಂದುವರಿಸಿದರು.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಾಹುಕಾರರಿಗಿಂತ ಮಾವನ ಮೇಲೆಯೇ ಹೆಚ್ಚು ಸಿಟ್ಟು ಬಂತು. ನೂಲು ಬಂದ್ ಮಾಡಿಸಿಕೊಂಡವರು, ಚಿಂದಿ ಚೆಂಡಲ್ಲಿ ಆಡಿದವರು, ಒಂದು ಶಾಲಿಗೆ ಕೈ ಮುಗಿದುಬಿಟ್ಟರಲ್ಲ ಎಂದು. ಮನೆಗೆ ಬರುವವರೆಗೂ ಅವರ ಜೊತೆ ಮಾತಾಡಲಿಲ್ಲ. ಸಂಜೆಯ ಆಟ ನೋಡಲು ಮನೆಯಿಂದ ಯಾರೂ ಹೋಗಲಿಲ್ಲ.

ಊಟವಾದ ಮೇಲೆ ಮಾವ ಪುಸ್ತಕ ತರಿಸಿದರು. ತೆಲುಗು ಅಕ್ಷರ ಅವರಿಗೆ ಓದಲು ಬರುವುದಿಲ್ಲ. ‘‘ಸಿಟ್ಟು ಆಮ್ಯಾಲೆ ಮಾಡುವಂತಿ. ಓದವ್ವ’’ ಎಂದರು. ನಾನು ಬಿಗಿದ ಮುಖದಲ್ಲೇ ಓದತೊಡಗಿದೆ. ಧನ್ವಾಡದ ಆಟ, ಮರಿಕಲ್ಲಿನ ಆಟ, ಗದ್ವಾಲದ ಆಟ. ಒಂದೊಂದಕ್ಕೂ ಮಾವ ತಲೆ ಆಡಿಸುತ್ತಿದ್ದರು. ‘‘ಹೌದು, ಹೌದು. ಆವತ್ತು ಬಾಲಪ್ಪ ಹಚ್ಚಿದ ಗೋಲು ಅದು’’ ಎನ್ನುತ್ತಿದ್ದರು. ತಮ್ಮ ಹೆಸರು ಕೇಳಲೇ ಇಲ್ಲ. ಹತ್ತು ಹದಿನೈದು ಪುಟವಾದ ಮೇಲೆ ಕೇಳಿದರು:

‘‘ಆಟದ ಕೆಳಗ ಹೆಸರು ಬರದಿದ್ನಲ್ಲ. ಅವು ಯಾಕ ಓದವಲ್ಲಿ?’’

ನಾನು ಪುಟ ತಿರುವಿದೆ. ಮುಂದಿನದೂ ತಿರುವಿದೆ. ಕೊನೆಯವರೆಗೂ ನೋಡಿದೆ. ಪ್ರತಿ ಆಟದ ಕೆಳಗೂ ‘ಸಾಹುಕಾರರ ತಂಡ’ ಎಂದಷ್ಟೇ ಇತ್ತು.

‘‘ಇಲ್ಲ ಮಾಮಾ. ಯಾರದೂ ಇಲ್ಲ’’ ಎಂದೆ.

‘‘ಖಾಜಾಂದು?’’

‘‘ಇಲ್ಲ.’’

‘‘ಬಾಲಪ್ಪಂದು? ಅಂಬಾದಾಸಂದು?’’

ನಾನು ತಲೆ ಅಲ್ಲಾಡಿಸಿದೆ. ಮಾವ ಗೂಟಕ್ಕೆ ತೂಗುಹಾಕಿದ್ದ ಶಾಲನ್ನು ನೋಡುತ್ತ ಕೂತರು. ಅವರ ಕೆಳದುಟಿ ಅದುರುತ್ತಿತ್ತು. ನಾನು ಮದುವೆಯಾಗಿ ಬಂದ ಮೇಲೆ ಆ ಮನುಷ್ಯನಿಗೆ ಸಿಟ್ಟು ಬಂದದ್ದು ನೋಡಿದ್ದು ಅದೇ ಮೊದಲು. ನನ್ನಂತೆ ಕೂಗಾಡುವ ಸಿಟ್ಟಲ್ಲ ಅದು. ನೋಡಿ ನನಗೇ ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಶಾಲು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ನಾನೂ ಹಿಂದೆ ಹೋದೆ. ಚಿಕ್ಕ ಸಾಹುಕಾರರು ಹೈದರಾಬಾದಿಗೆ ಹೊರಡುವ ತಯಾರಿಯಲ್ಲಿದ್ದರು, ಕಾರಿನ ಬಾಗಿಲು ತೆರೆದಿತ್ತು. ಮಾವ ಅಂಗಳದಲ್ಲೇ ನಿಂತು ಶಾಲನ್ನು ಮುಂದೆ ಚಾಚಿದರು.

‘‘ಯಾಕ್ರೀ ಅಜ್ಜಾರ, ಏನಾತು? ಎರಡನೇ ಪುಸ್ತಕದಾಗ ನಿಮ್ಮ ಹೆಸರು ಹಾಕಸ್ತೀನಿ ಅಂದೀನಲ್ರೀ’’ ಎಂದರು ಅವರು.

‘‘ನನ್ನ ಹೆಸರು ಬಿಡ್ರಿ’’ ಎಂದರು ಮಾವ. ‘‘ಈ ಶಾಲು ಒಬ್ಬನ ಮೈ ಮುಚ್ಚತೈತಿ. ನಾವು ಹನ್ನೊಂದು ಮಂದಿ ಇದ್ದಿವ್ರಿ.’’

ಚಿಕ್ಕ ಸಾಹುಕಾರರು ಶಾಲು ಕೈಗೆ ತೆಗೆದುಕೊಳ್ಳಲಿಲ್ಲ. ಮಾವ ಅದನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟರು. ‘‘ನನ್ನ ನೋಟ್‌ಬುಕ್ ಕೊಡ್ರಿ’’ ಎಂದು ಕೇಳಿದರು. ಅದು ನಿನ್ನೆಯೇ ಹೈದರಾಬಾದಿಗೆ ಹೋಯಿತು, ಅಲ್ಲಿ ಆಫೀಸಿನಲ್ಲಿ ಜೋಪಾನವಾಗಿ ಇಡುತ್ತಾರೆ, ನಿಮ್ಮ ಮನೆಯಲ್ಲಿ ಗೆದ್ದಲು ತಿಂದೀತು ಎಂದು ಉತ್ತರ ಬಂತು. ಆಮೇಲೆ ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಇವತ್ತು, ನಾಳೆ, ಹುಡುಕುತ್ತಿದ್ದಾರೆ ಎನ್ನುತ್ತಲೇ ಇದ್ದರು. ಅದು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ನಮ್ಮ ಮನೆಯವರು ಹೆದರಿದಂತೆಯೇ ನೂಲೂ ಬಂದ್ ಆಯಿತು. ಎರಡು ತಿಂಗಳು ಮಗ್ಗ ಸುಮ್ಮನೆ ನಿಂತವು. ಈಗ ಬೇರೆ ಅಂಗಡಿಯ ನೂಲಿನಲ್ಲಿ ನೇಯುತ್ತೇವೆ. ಹೊಸ ಕ್ಲಬ್ಬು ಒಂದೇ ಸೀಸನ್ ಆಡಿತು. ಸಂಬಳದ ಆಟಗಾರರು ತಮ್ಮ ತಮ್ಮ ಊರಿಗೆ ಹೋದರು, ಮೈದಾನದ ಬೋರ್ಡಿಗೆ ತುಕ್ಕು ಹಿಡಿಯಿತು. ಎರಡನೆಯ ಮುದ್ರಣ ಬರಲೇ ಇಲ್ಲ. ಆದರೆ ಆ ಪುಸ್ತಕ ಮಾತ್ರ ಉಳಿದಿದೆ. ಗ್ರಂಥಾಲಯದಲ್ಲಿದೆ, ಶಾಲೆಗಳಲ್ಲಿದೆ. ಮೊನ್ನೆ ನಮ್ಮ ಓಣಿಯ ಶಾಲೆಯಲ್ಲಿ ಊರಿನ ಚರಿತ್ರೆ ಎಂದು ಮಕ್ಕಳಿಗೆ ಅದರಿಂದಲೇ ಓದಿ ಬರೆಸಿದ್ದಾರೆ. ಇನ್ನು ಐವತ್ತು ವರ್ಷಕ್ಕೆ ಯಾರಾದರೂ ಹುಡುಕಿದರೆ ಸಿಗುವುದು ಆ ಭಾನುವಾರವೇ. ಇದನ್ನು ನೆನೆದರೆ ಈಗಲೂ ಕಂಡಿಕೆ ಸುತ್ತುವ ಕೈ ನಿಂತುಬಿಡುತ್ತದೆ.

ಸಿಟ್ಟು ಒಳ್ಳೆಯದಲ್ಲ ಎಂದು ಬಹಳ ಜನ ನನಗೆ ಬುದ್ಧಿ ಹೇಳಿದ್ದಾರೆ. ನಾನು ಕಲಿತದ್ದು ಬೇರೆ. ಬಡವರು ಮಾಡಿದ ಕೆಲಸವನ್ನು ಕದಿಯುವವರು ಕೆಲಸವನ್ನು ಅಳಿಸುವುದಿಲ್ಲ, ಹೊಗಳುತ್ತಾರೆ. ಅಳಿಸುವುದು ಹೆಸರನ್ನು ಮಾತ್ರ. ನೂರು ತಾರೀಖು ಬರೆದುಕೊಂಡು ಹನ್ನೊಂದು ಹೆಸರು ಬರೆದುಕೊಳ್ಳದ ನನ್ನ ಮೇಲೂ ನನಗೆ ಸಿಟ್ಟಿದೆ. ಆಮೇಲಿನ ವರ್ಷಗಳಲ್ಲಿ ಆಡಿದವರ ಹೆಸರು ಮಾವನಿಗೆ ಈಗ ಅಷ್ಟಾಗಿ ನೆನಪಾಗುವುದಿಲ್ಲ. ಮೊದಲ ಹನ್ನೊಂದು ಮಾತ್ರ ಒಂದೂ ಮರೆತಿಲ್ಲ. ಮೊನ್ನೆ ಖಾಜಾಸಾಬರನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಇಬ್ಬರೂ ಒಬ್ಬರಿಗೊಬ್ಬರು ನೆನಪಿಸುತ್ತ ಹೇಳಿದರು, ನಾನು ಬರೆದುಕೊಂಡೆ.

ಗೋಲು ಕಾದವರು ಬಣ್ಣದ ಖಾಜಾಸಾಬ್. ಹಿಂದೆ ನಿಂತು ತಡೆಯುತ್ತಿದ್ದವರು ಅಣ್ಣ ತಮ್ಮಂದಿರಾದ ಮಲ್ಲೇಶಪ್ಪ ಮತ್ತು ಸಂಗಪ್ಪ, ಅವರ ಜೊತೆಗೆ ಕುಳ್ಳ ನರಸಿಂಗಪ್ಪ. ನಡುವೆ ಹಣಮಂತು, ಬಸಣ್ಣ, ಹಾಡು ಹೇಳುತ್ತ ಓಡುತ್ತಿದ್ದ ಚಂದ್ರಯ್ಯ, ಮತ್ತೆ ಈರಣ್ಣ. ಮುಂದೆ ಅಂಬಾದಾಸ ಮತ್ತು ಬಾಲಪ್ಪ. ಹನ್ನೊಂದನೆಯವರು ವೀರಭದ್ರಪ್ಪ, ತಮ್ಮ ಹೆಸರು ಎಲ್ಲರಿಗಿಂತ ಕೊನೆಗಿರಲಿ ಎಂದು ಅವರೇ ಹೇಳಿದ್ದಾರೆ.

ಸಂಪಾದಕರೇ, ಜಾಗ ಸಾಲದಿದ್ದರೆ ಮೇಲೆ ನಾನು ಬರೆದದ್ದನ್ನೆಲ್ಲ ಕತ್ತರಿಸಿ, ನನ್ನ ಸಿಟ್ಟನ್ನೂ ಕತ್ತರಿಸಿ. ಆ ಹನ್ನೊಂದು ಹೆಸರುಗಳನ್ನು ಮಾತ್ರ ಬಿಡಬೇಡಿ.